ಬೆಟ್ಟ ಇದ್ರೆ ದಂಗೆ ಆಗ್ತದಾ? ಯುದ್ಧದ ಅಂಕಿ-ಅಂಶ ಓದುವ ಪಾಠ

ಬೆಟ್ಟ-ಗುಡ್ಡ ಜಾಸ್ತಿ ಇರುವ ದೇಶಗಳಲ್ಲಿ ಅಂತರ್ಯುದ್ಧ ಶುರುವಾಗುವ ಸಾಧ್ಯತೆ ಜಾಸ್ತಿ. ಇದು ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಯಾರೋ ಹೇಳಿದ ಮಾತಲ್ಲ. ಸ್ಟ್ಯಾನ್‌ಫರ್ಡ್‌ನ ಜೇಮ್ಸ್ ಫಿಯರನ್ ಮತ್ತು ಡೇವಿಡ್ ಲೈಟಿನ್ 2003ರಲ್ಲಿ ಬರೆದ, ಈ ವಿಷಯದಲ್ಲಿ ತುಂಬಾ ಹೆಸರು ಮಾಡಿದ ಪೇಪರಿನಲ್ಲಿ ಬಂದ ಫಲಿತಾಂಶ ಇದು.

ನನ್ನ ಊರು ನೆಟ್ಟಣ. ಕಡಬ ತಾಲೂಕು. ರೈಲಿನಲ್ಲಿ ಬೆಂಗಳೂರು–ಮಂಗಳೂರು ಓಡಾಡಿದವರಿಗೆ 'ಸುಬ್ರಹ್ಮಣ್ಯ ರೋಡ್' ಸ್ಟೇಷನ್ ಗೊತ್ತಿರ್ತದೆ. ಆ ಸ್ಟೇಷನ್ ಇರುವುದು ನಮ್ಮ ನೆಟ್ಟಣದಲ್ಲಿ. ಸಕಲೇಶಪುರದಿಂದ ಸುಮಾರು 55 ಕಿ.ಮೀ. ಘಾಟಿ, 57 ಸುರಂಗ ಇಳಿದು ಬಂದರೆ ನಮ್ಮೂರು. ಅಂದರೆ ಬೆಟ್ಟ ಬೇಕಾದಷ್ಟು ಉಂಟು. ಹಾಗಾದ್ರೆ ಆ ಪೇಪರ್ ಪ್ರಕಾರ ನಾವೆಲ್ಲ ಡೇಂಜರ್ ಜನವಾ?

ಅಲ್ಲ. ಆದರೆ ಯಾಕೆ ಅಲ್ಲ ಅಂತ ಹೇಳಲಿಕ್ಕೆ ಸ್ವಲ್ಪ ಸ್ಟ್ಯಾಟಿಸ್ಟಿಕ್ಸ್ ಬೇಕು. ಮೂರು-ನಾಲ್ಕನೇ ಸೆಮ್‌ನ ಮ್ಯಾಥ್ಸ್‌ನಲ್ಲಿ ನಾವು ಓದುವ ಪಾಯ್ಸಾನ್, ರಿಗ್ರೆಷನ್, ಬೇಯ್ಸ್ ಪ್ರಮೇಯ ಇಷ್ಟು ಸಾಕು. ಇಂಟರ್ನಲ್ಸ್ ಮುಗಿದ ಮೇಲೆ ಇವುಗಳಿಗೆ ಏನು ಕೆಲಸ ಅಂತ ಕೇಳುವವರಿಗೆ ಇಲ್ಲೊಂದು ಉತ್ತರ ಉಂಟು.

ಯುದ್ಧಕ್ಕೂ ಪಾಯ್ಸಾನ್‌ಗೂ ಏನು ಸಂಬಂಧ?

ನ್ಯೂಮರಿಕಲ್ ಮೆಥಡ್ಸ್‌ನಲ್ಲಿ 'ರಿಚರ್ಡ್‌ಸನ್ ಎಕ್ಸ್‌ಟ್ರಾಪೊಲೇಷನ್' ಅಂತ ಬರ್ತದೆ. ಆ ಲೂಯಿಸ್ ಫ್ರೈ ರಿಚರ್ಡ್‌ಸನ್ (1881–1953) ಇಂಗ್ಲೆಂಡಿನ ಹವಾಮಾನ ವಿಜ್ಞಾನಿ. ಮಳೆ-ಗಾಳಿಯನ್ನು ಸಮೀಕರಣ ಬಿಡಿಸಿ ಮೊದಲೇ ಹೇಳಬಹುದು ಅಂತ ಕಂಪ್ಯೂಟರ್ ಬರುವ ಮೊದಲೇ ಲೆಕ್ಕ ಹಾಕಿ ನೋಡಿದವರು. ಅವರು ಕ್ವೇಕರ್ ಪಂಥದವರು, ಯುದ್ಧ ವಿರೋಧಿ. ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆ ಆಂಬುಲೆನ್ಸ್ ತಂಡದಲ್ಲಿ ಕೆಲಸ ಮಾಡಿದರು. 1920ರಲ್ಲಿ ಹವಾಮಾನ ಇಲಾಖೆ ವಾಯುಪಡೆಯ ಸಚಿವಾಲಯದ ಕೆಳಗೆ ಬಂದಾಗ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಆಮೇಲೆ ಮಳೆಯನ್ನು ಅಳೆದ ಹಾಗೆ ಯುದ್ಧವನ್ನೂ ಅಳೆಯಲು ಹೊರಟರು.

ಭೂಕಂಪಕ್ಕೆ ಮ್ಯಾಗ್ನಿಟ್ಯೂಡ್ ಇರುವ ಹಾಗೆ ಅವರು ಜಗಳಕ್ಕೂ ಒಂದು ಮ್ಯಾಗ್ನಿಟ್ಯೂಡ್ ಕೊಟ್ಟರು. ಸತ್ತವರ ಸಂಖ್ಯೆಯ ಲಾಗ್, ಬೇಸ್ 10. ಒಬ್ಬ ಸತ್ತರೆ 0, ಸಾವಿರ ಜನ ಸತ್ತರೆ 3, ಒಂದು ಕೋಟಿ ಸತ್ತರೆ 7. ಊರಿನ ಕೊಲೆಯಿಂದ ಮಹಾಯುದ್ಧದವರೆಗೆ ಒಂದೇ ಸ್ಕೇಲ್.

ಅವರು ಮಾಡಿದ ಇನ್ನೊಂದು ಕೆಲಸ: 1500ರಿಂದ 1931ರವರೆಗಿನ 432 ವರ್ಷ ತೆಗೆದುಕೊಂಡು, ಯಾವ ವರ್ಷ ಎಷ್ಟು ಯುದ್ಧ ಶುರುವಾಯಿತು ಅಂತ ಎಣಿಸಿದ್ದು. ಒಟ್ಟು 299 ಯುದ್ಧ. ಸರಾಸರಿ ವರ್ಷಕ್ಕೆ 0.69. ಒಂದೂ ಯುದ್ಧ ಶುರುವಾಗದ ವರ್ಷಗಳು 223, ಒಂದು ಶುರುವಾದ ವರ್ಷಗಳು 142, ಎರಡು 48, ಮೂರು 15, ನಾಲ್ಕು 4. ಈಗ 0.69 ಸರಾಸರಿಯ ಪಾಯ್ಸಾನ್ ಸೂತ್ರ ಹಾಕಿ ನೋಡಿ. 216, 150, 52, 12, 2 ಬರ್ತದೆ. ಕ್ಯಾಲ್ಕುಲೇಟರ್ ಹಿಡಿದು ನೀವೇ ಚೆಕ್ ಮಾಡಬಹುದು. ಎಷ್ಟು ಹತ್ತಿರ ಉಂಟು ನೋಡಿ.

ಇದರ ಅರ್ಥ 'ಯುದ್ಧಕ್ಕೆ ಕಾರಣ ಇಲ್ಲ' ಅಂತ ಅಲ್ಲ. ಪ್ರತಿಯೊಂದು ಯುದ್ಧಕ್ಕೂ ಕಾರಣ ಇರ್ತದೆ. ಆದರೆ 'ಮೂವತ್ತು ವರ್ಷಕ್ಕೊಮ್ಮೆ ಗಲಾಟೆ ಆಗಿಯೇ ಆಗ್ತದೆ', 'ಈಗ ಶಾಂತಿ ಉಂಟು, ಇನ್ನು ಸದ್ಯಕ್ಕೆ ಏನೂ ಆಗಲ್ಲ' ಎಂಬಂಥ ಮಾತುಗಳಿಗೆ ಈ ಎಣಿಕೆಯಲ್ಲಿ ಆಧಾರ ಸಿಗುವುದಿಲ್ಲ. ಹಾಗಾಗಿ ಮುಂದೆ ಬಂದವರು 'ಯಾವಾಗ' ಅನ್ನುವುದನ್ನು ಬಿಟ್ಟು 'ಎಲ್ಲಿ, ಯಾವ ಪರಿಸ್ಥಿತಿಯಲ್ಲಿ' ಅನ್ನುವ ಪ್ರಶ್ನೆ ಹಿಡಿದರು. ಫಿಯರನ್–ಲೈಟಿನ್ ಪೇಪರ್ ಈ ಸಾಲಿನದ್ದು. ಅಂಥ ಪೇಪರ್ ಓದುವಾಗ ನಾಲ್ಕು ಪ್ರಶ್ನೆ ಕೇಳಬೇಕು. ಒಂದೊಂದಾಗಿ ನೋಡುವ.

ಪ್ರಶ್ನೆ 1: ಏನನ್ನು ಎಣಿಸಿದ್ದಾರೆ?

'ಅಂತರ್ಯುದ್ಧ' ಅಂದರೆ ಏನು? ಫಿಯರನ್–ಲೈಟಿನ್ ಲೆಕ್ಕದಲ್ಲಿ ಒಟ್ಟು ಕನಿಷ್ಠ 1000 ಜನ ಸತ್ತಿರಬೇಕು, ವರ್ಷಕ್ಕೆ ಸರಾಸರಿ 100, ಎರಡೂ ಕಡೆ ಕನಿಷ್ಠ 100. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಡೇಟಾಬೇಸಿನಲ್ಲಿ ಒಂದು ಕ್ಯಾಲೆಂಡರ್ ವರ್ಷದಲ್ಲಿ 25 ಜನ ಕಾಳಗದಲ್ಲಿ ಸತ್ತರೆ ಅದು 'ಸಶಸ್ತ್ರ ಸಂಘರ್ಷ'. ಗೆರೆ ಎಲ್ಲಿ ಎಳೆಯುತ್ತೀರೋ ಅದರ ಮೇಲೆ ಪಟ್ಟಿ ಬದಲಾಗ್ತದೆ.

ನಮ್ಮ ಕಡೆಯ ಉದಾಹರಣೆ ತಗೊಳ್ಳುವ. ಪಶ್ಚಿಮ ಘಟ್ಟದಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ನಕ್ಸಲ್ ಚಟುವಟಿಕೆ ಇತ್ತು. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಎಬ್ಬಿಸುತ್ತಾರೆ ಅನ್ನುವ ಭಯ ಅಲ್ಲಿನ ಜನರಲ್ಲಿದ್ದ ಸಮಯ ಅದು. 2003ರ ನವೆಂಬರಿನಲ್ಲಿ ಕಾರ್ಕಳ ಹತ್ತಿರದ ಈದುವಿನಲ್ಲಿ ಇಬ್ಬರು ಯುವತಿಯರು ಎನ್‌ಕೌಂಟರಿನಲ್ಲಿ ಸತ್ತರು. 2005ರ ಫೆಬ್ರವರಿಯಲ್ಲಿ ಮೆಣಸಿನಹಾಡ್ಯದಲ್ಲಿ ನಾಯಕ ಸಾಕೇತ್ ರಾಜನ್ ಸತ್ತರು. ಅದೇ ತಿಂಗಳು ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸ್ ಕ್ಯಾಂಪ್ ಮೇಲೆ ದಾಳಿಯಾಗಿ ಪೊಲೀಸರು ಸತ್ತರು. 2012ರಲ್ಲಿ ನಮ್ಮ ಸುಬ್ರಹ್ಮಣ್ಯದ ಮೇಲಿನ ಬಿಸಿಲೆ ಕಾಡಿನಲ್ಲಿ ಎನ್‌ಕೌಂಟರ್ ಆಯಿತು. 2024ರ ಮಾರ್ಚ್‌ನಲ್ಲಿ ಕೂಜಿಮಲೆ, ಐನೆಕಿದು ಕಡೆ ನಕ್ಸಲರು ಬಂದು ದಿನಸಿ ತೆಗೆದುಕೊಂಡು ಹೋದ ಸುದ್ದಿ ಬಂತು. ಅದೇ ವರ್ಷ ನವೆಂಬರಿನಲ್ಲಿ ಹೆಬ್ರಿಯ ಕಬ್ಬಿನಾಲೆಯಲ್ಲಿ ವಿಕ್ರಂ ಗೌಡ ಸತ್ತರು. 2025ರ ಜನವರಿ 8ರಂದು ಆರು ಜನ ಮುಖ್ಯಮಂತ್ರಿಗಳ ಎದುರು ಶರಣಾದರು. ಫೆಬ್ರವರಿ ಶುರುವಿನಲ್ಲಿ ಇನ್ನಿಬ್ಬರು ಬಂದರು.

ಈ ಎಲ್ಲ ಘಟನೆ ಸೇರಿದರೂ ಮಲೆನಾಡು ಮಾತ್ರ ಲೆಕ್ಕಕ್ಕೆ ತಗೊಂಡರೆ ಯಾವ ವರ್ಷವೂ 25 ಮುಟ್ಟುವುದಿಲ್ಲ. ಹಾಗಾಗಿ 'ಮಲೆನಾಡು ಸಂಘರ್ಷ' ಅಂತ ಯಾವ ಸಾಲೂ ಆ ಟೇಬಲ್‌ನಲ್ಲಿ ಬರುವುದಿಲ್ಲ. 'ಭಾರತ ಸರ್ಕಾರ – ಮಾವೋವಾದಿ' ಅನ್ನುವ ದೊಡ್ಡ ಸಾಲಿನ ಒಳಗೆ ಬಸ್ತಾರ್ ಜೊತೆ ಸೇರಿಹೋಗ್ತದೆ. ಬಸ್ತಾರ್‌ನ ಕಾಡೂ ಬಿಸಿಲೆಯ ಕಾಡೂ ಆ ಟೇಬಲ್‌ಗೆ ಒಂದೇ.

ಎಣಿಕೆಯಿಂದ ಬಿಟ್ಟುಹೋಗುವ ಇನ್ನೊಂದು ಗುಂಪು ನಮ್ಮೂರ ಹತ್ತಿರವೇ ಉಂಟು. ಸುಳ್ಯ, ಕಡಬ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿವೆ. 1948ರಲ್ಲಿ ಸಿಲೋನ್ ಪೌರತ್ವ ಕಾಯ್ದೆಯಿಂದ ಚಹಾ ತೋಟದ ತಮಿಳರು ಪೌರತ್ವ ಕಳೆದುಕೊಂಡರು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಲ್ಲಿ 5,25,000 ಜನರನ್ನು ಭಾರತ ತೆಗೆದುಕೊಳ್ಳುವುದು, 3,00,000 ಜನರನ್ನು ಸಿಲೋನ್ ಇಟ್ಟುಕೊಳ್ಳುವುದು ಅಂತ ಆಯಿತು. ಶ್ರೀಲಂಕಾದ ದೊಡ್ಡ ಅಂತರ್ಯುದ್ಧ ಟೇಬಲ್‌ನಲ್ಲಿ 1983ರಿಂದ ಶುರುವಾಗ್ತದೆ. ಆದರೆ ಅದಕ್ಕಿಂತ ಎಷ್ಟೋ ಮೊದಲೇ, ಒಂದು ಗುಂಡೂ ಹಾರದೆ, ಕಾಗದದ ಮೇಲೆ ಊರು ಕಳೆದುಕೊಂಡವರು ಇವರು. ಸಾವನ್ನು ಮಾತ್ರ ಎಣಿಸುವ ಡೇಟಾಸೆಟ್‌ನಲ್ಲಿ ಇವರ ಸಂಖ್ಯೆ ಸೊನ್ನೆ.

ಭಯೋತ್ಪಾದನೆಯ ಡೇಟಾ ಇನ್ನೂ ಕಷ್ಟ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 'ಗ್ಲೋಬಲ್ ಟೆರರಿಸಂ ಡೇಟಾಬೇಸ್' 1970ರಿಂದ ಎರಡು ಲಕ್ಷಕ್ಕೂ ಹೆಚ್ಚು ಘಟನೆ ದಾಖಲಿಸಿದೆ. ಅದರಲ್ಲಿ 1993ನೇ ವರ್ಷದ ದಾಖಲೆಗಳು ಕಂಪ್ಯೂಟರ್‌ಗೆ ಹತ್ತುವ ಮೊದಲೇ ಕಳೆದುಹೋದವು. ಗೊತ್ತಿಲ್ಲದೆ ಗ್ರಾಫ್ ಎಳೆದರೆ ಆ ವರ್ಷ ಜಗತ್ತಿನಲ್ಲಿ ಪೂರ್ತಿ ಶಾಂತಿ ಇತ್ತು ಅನ್ನಿಸಬಹುದು! ನಮಗೆ ಭಾರತದಲ್ಲಿ 1993 ಅಂದರೆ ಮುಂಬೈ ಬಾಂಬ್ ಸ್ಫೋಟದ ವರ್ಷ.

ಇಂಥ ಡೇಟಾದ ಬಹುಪಾಲು ಪತ್ರಿಕಾ ಸುದ್ದಿಯಿಂದ ಬರ್ತದೆ. ನಿಲ್ಸ್ ವೈಡ್‌ಮನ್ ಎಂಬವರು ಅಫ್ಘಾನಿಸ್ತಾನದ ಡೇಟಾ ನೋಡಿ, ಮೊಬೈಲ್ ನೆಟ್‌ವರ್ಕ್ ಇರುವ ಕಡೆಯ ಘಟನೆಗಳು ಸುದ್ದಿಯಾಗುವುದು ಹೆಚ್ಚು ಅಂತ ತೋರಿಸಿದರು. ಕರೆಂಟ್ ಹೋದರೆ ಟವರೂ ಹೋಗುವ ಊರಿನವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ.

ಪ್ರಶ್ನೆ 2: ಯಾವುದಕ್ಕೆ ಹೋಲಿಸಿದ್ದಾರೆ?

ಈಗ ಬೆಟ್ಟಕ್ಕೆ ಬರುವ. ಫಿಯರನ್–ಲೈಟಿನ್ 1945ರಿಂದ 1999ರವರೆಗೆ 161 ದೇಶಗಳ, 127 ಅಂತರ್ಯುದ್ಧಗಳ ಮೇಲೆ ಲಾಜಿಸ್ಟಿಕ್ ರಿಗ್ರೆಷನ್ ಮಾಡಿದರು. ಅವರ ಅಂದಾಜು ಹೀಗೆ: ಬೇರೆಲ್ಲ ಗುಣಗಳಲ್ಲಿ ಮಧ್ಯಮವಾಗಿದ್ದು, ಅರ್ಧದಷ್ಟು ಬೆಟ್ಟ ಇರುವ ದೇಶದಲ್ಲಿ ಹತ್ತು ವರ್ಷದಲ್ಲಿ ಯುದ್ಧ ಶುರುವಾಗುವ ಸಾಧ್ಯತೆ 13.2%. ಬೆಟ್ಟವೇ ಇಲ್ಲದ ಅಂಥದ್ದೇ ದೇಶದಲ್ಲಿ 6.5%. 'ಬೆಟ್ಟ ಇದ್ದರೆ ಅಪಾಯ ಡಬಲ್' ಅಂತ ಹೆಡ್‌ಲೈನ್ ಹಾಕಬಹುದು. ಅದೇ ಸಂಖ್ಯೆಯನ್ನು ತಿರುಗಿಸಿ ಓದಿ: ಅಷ್ಟೊಂದು ಬೆಟ್ಟ ಇದ್ದರೂ ಹತ್ತು ವರ್ಷದಲ್ಲಿ ಯುದ್ಧ ಶುರುವಾಗದಿರುವ ಸಾಧ್ಯತೆ 86.8%. ಎರಡೂ ಸತ್ಯ. ಯಾವುದನ್ನು ಮಾತ್ರ ಹೇಳ್ತಾರೆ ಅಂತ ಗಮನಿಸಬೇಕು.

ಬಡತನದ್ದೂ ಹಾಗೆಯೇ. ತಲಾ ಆದಾಯ 1000 ಡಾಲರ್ ಕಡಿಮೆಯಾದರೆ ಯುದ್ಧ ಶುರುವಾಗುವ 'ಆಡ್ಸ್' 41% ಹೆಚ್ಚು ಅಂತ ಅದೇ ಪೇಪರ್ ಹೇಳ್ತದೆ. 41% ಅಂದ ಕೂಡಲೇ ಗಾಬರಿ ಬೇಡ. ನೂರು ದೇಶ-ವರ್ಷ ತಗೊಂಡರೆ ಯುದ್ಧ ಶುರುವಾಗುವುದು ಎರಡರಲ್ಲಿ ಕೂಡ ಇಲ್ಲ. ಲೆಕ್ಕಕ್ಕೆ 2% ಅಂತಲೇ ಇಟ್ಟುಕೊಳ್ಳಿ. ಆಡ್ಸ್ 2/98. ಅದನ್ನು 1.41ರಿಂದ ಗುಣಿಸಿ ಮತ್ತೆ ಸಂಭವನೀಯತೆಗೆ ತಿರುಗಿಸಿದರೆ 2.8%. ವ್ಯತ್ಯಾಸ ಉಂಟು, ಆದರೆ ಅದು 2ರಿಂದ 2.8ಕ್ಕೆ ಹೋದದ್ದು, 2ರಿಂದ 43ಕ್ಕೆ ಅಲ್ಲ.

ಆ ಪೇಪರಿನ ಇನ್ನೊಂದು ಫಲಿತಾಂಶ ದಕ್ಷಿಣ ಕನ್ನಡದವರು ಓದಲೇಬೇಕಾದದ್ದು. ಆದಾಯವನ್ನು ಲೆಕ್ಕಕ್ಕೆ ತಗೊಂಡ ಮೇಲೆ, ಜನಾಂಗ ಅಥವಾ ಧರ್ಮದ ವೈವಿಧ್ಯ ಜಾಸ್ತಿ ಇರುವ ದೇಶಗಳಲ್ಲಿ ಅಂತರ್ಯುದ್ಧ ಹೆಚ್ಚು ಅಂತ ಕಾಣಲಿಲ್ಲ. 'ಬೇರೆ ಬೇರೆ ಜನ ಒಟ್ಟಿಗಿದ್ದರೆ ಹೊಡೆದಾಡಿಯೇ ಆಡ್ತಾರೆ' ಅನ್ನುವುದು ಆ 127 ಯುದ್ಧಗಳ ಲೆಕ್ಕದಿಂದ ಹೊರಡುವ ಮಾತಲ್ಲ. ಒಂದೇ ಬಸ್ಸಿನಲ್ಲಿ ತುಳು, ಅರೆಭಾಷೆ, ಮಲಯಾಳ, ಕನ್ನಡ ಕೇಳುವ ನಮ್ಮ ಕಡೆಯವರಿಗೆ ಇದು ವಿಚಿತ್ರ ಅನ್ನಿಸಲಿಕ್ಕಿಲ್ಲ.

ಇನ್ನು ನಮ್ಮ ಇತಿಹಾಸದ ದೊಡ್ಡ ದಂಗೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡರು. ಅದುವರೆಗೆ ಕೊಡಗಿನ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಭಾಗವನ್ನು ಕೆನರಾಕ್ಕೆ ಸೇರಿಸಿದರು. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲಿ ಕೊಡಿ ಅಂದರು. 1837ರಲ್ಲಿ ರೈತರು ಎದ್ದರು. ಕೆದಂಬಾಡಿ ರಾಮಯ್ಯ ಗೌಡ, ಕಲ್ಯಾಣಸ್ವಾಮಿ ಮುಂತಾದವರ ಹೆಸರು ಜನರಿಗೆ ಇವತ್ತಿಗೂ ಗೊತ್ತು. ಸುಳ್ಯದಿಂದ ಹೊರಟವರು ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ರಂದು ಮಂಗಳೂರು ಹಿಡಿದು, ಎರಡು ವಾರದ ಹತ್ತಿರ ಆಳಿದರು. ಬ್ರಿಟಿಷರು ಇದನ್ನು 'ಕಲ್ಯಾಣಪ್ಪನ ಕಾಟಕಾಯಿ' ಅಂದರು. ನಾವು ಅಮರ ಸುಳ್ಯ ಕ್ರಾಂತಿ ಅನ್ನುತ್ತೇವೆ. (ನೋಡಿ, ಹೆಸರಿನಲ್ಲಿಯೇ ಡೇಟಾ ಎಂಟ್ರಿ ಬದಲಾಯಿತು.)

ಬೆಟ್ಟ, ಕಾಡು, ಈಗಷ್ಟೇ ಬಂದ ದುರ್ಬಲ ಆಡಳಿತ, ಆದಾಯಕ್ಕೆ ಪೆಟ್ಟು. ಮಾಡೆಲ್ ಹೇಳುವ ಎಲ್ಲವೂ ಉಂಟು, ಸರಿಯಾಗಿ ಕೂತಿತಲ್ಲ ಅಂತ ಖುಷಿಪಡಬಹುದು. ಆದರೆ ಇಲ್ಲೊಂದು ತೊಡಕು. ಬೆಟ್ಟ 1837ರಲ್ಲೂ ಇತ್ತು, 1937ರಲ್ಲೂ ಇತ್ತು, ಈಗಲೂ ಉಂಟು. ಬದಲಾಗದ ಒಂದು ವಸ್ತು, ಬದಲಾಗುವ ಒಂದು ವಿಷಯವನ್ನು ಒಂದೇ ಊರಿನ ಒಳಗೆ ವಿವರಿಸಲಾರದು. ಬೆಟ್ಟ ಕಾರಣ ಅಂದರೆ ಇಲ್ಲಿ ಪ್ರತಿ ವರ್ಷ ದಂಗೆ ಆಗಬೇಕಿತ್ತು. 1837ರಲ್ಲಿ ಬದಲಾದದ್ದು ಬೆಟ್ಟ ಅಲ್ಲ, ಕಂದಾಯದ ಕ್ರಮ ಮತ್ತು ಅದನ್ನು ಕೇಳುವ ಸರ್ಕಾರ.

ಇದೇ ಕಾರಣಕ್ಕೆ 'ದಂಗೆ ಆದ ಊರುಗಳಲ್ಲಿ ಏನಿತ್ತು' ಅಂತ ಮಾತ್ರ ಪಟ್ಟಿ ಮಾಡಿದರೆ ಸಾಕಾಗುವುದಿಲ್ಲ. ಅಂಥದ್ದೇ ಬೆಟ್ಟ, ಅಂಥದ್ದೇ ಕಷ್ಟ ಇದ್ದೂ ಏನೂ ಆಗದ ಊರುಗಳನ್ನೂ ಪಟ್ಟಿಗೆ ಸೇರಿಸಬೇಕು. ಅವು ಸುದ್ದಿಯಲ್ಲಿ ಬರುವುದಿಲ್ಲ, ಆದರೆ ರಿಗ್ರೆಷನ್‌ಗೆ ಅವು ಬೇಕೇ ಬೇಕು.

ಪ್ರಶ್ನೆ 3: ಯಾವುದು ಕಾರಣ, ಯಾವುದು ಪರಿಣಾಮ?

ಬಡತನದಿಂದ ಯುದ್ಧವಾ, ಯುದ್ಧದಿಂದ ಬಡತನವಾ? ಎರಡೂ ಆಗಬಹುದು. ಎಡ್ವರ್ಡ್ ಮಿಗೆಲ್ ಮತ್ತು ಜೊತೆಯವರು 2004ರಲ್ಲಿ ಇದಕ್ಕೊಂದು ಉಪಾಯ ಮಾಡಿದರು. ಯುದ್ಧದಿಂದ ಮಳೆ ನಿಲ್ಲುವುದಿಲ್ಲ. ಮಳೆ ಕಡಿಮೆಯಾದರೆ ಬೆಳೆ ಹಾಳಾಗಿ ಆದಾಯ ಬೀಳ್ತದೆ. ಹಾಗಾದ್ರೆ ಮಳೆಯಿಂದ ಬಿದ್ದ ಆದಾಯವನ್ನು ಮಾತ್ರ ನೋಡಿದರೆ ಕಾರಣದ ದಿಕ್ಕು ಸಿಗ್ತದೆ. ಆಫ್ರಿಕಾದ 41 ದೇಶಗಳಲ್ಲಿ ಈ ವಿಧಾನದಿಂದ, ಆದಾಯ ಕುಸಿದರೆ ಸಂಘರ್ಷ ಹೆಚ್ಚುತ್ತದೆ ಅಂತ ಕಂಡಿತು. ಆಮೇಲೆ ಬೇರೆಯವರು ಮಳೆಯನ್ನು ಬೇರೆ ರೀತಿ ಅಳೆದಾಗ ಫಲಿತಾಂಶ ಅಷ್ಟು ಗಟ್ಟಿಯಾಗಿ ಉಳಿಯಲಿಲ್ಲ, ಆ ಚರ್ಚೆ ಈಗಲೂ ನಡೀತಾ ಉಂಟು. ಭಾರತದ ನಕ್ಸಲ್ ಜಿಲ್ಲೆಗಳ ಬಗ್ಗೆ ಥೀಮೋ ಫೆಟ್ಜರ್ ಮಾಡಿದ ಅಧ್ಯಯನದಲ್ಲಿ, ಮುಂಗಾರು ಕೈಕೊಟ್ಟಾಗ ಹಿಂಸೆ ಹೆಚ್ಚುವ ಸಂಬಂಧ ಉದ್ಯೋಗ ಖಾತ್ರಿ ಯೋಜನೆ ಬಂದ ಮೇಲೆ ಸಡಿಲವಾಯಿತು ಅಂತ ಉಂಟು. ಬರಗಾಲದಲ್ಲಿಯೂ ಕೂಲಿ ಸಿಕ್ಕಿದರೆ ಕೋವಿ ಹಿಡಿಯುವ ಅಗತ್ಯ ಕಡಿಮೆ.

ಈಗ ಇದೇ ಮಾಡೆಲ್ ನೆಟ್ಟಣಕ್ಕೆ ತನ್ನಿ. ನಮ್ಮ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 4000 ಮಿ.ಮೀ. ಹತ್ತಿರ. ಇಲ್ಲಿ ಅಡಿಕೆ ಬೆಳೆಗಾರರು ಹೆದರುವುದು ಮಳೆ ಕಡಿಮೆಯಾದ್ದಕ್ಕಿಂತ ಬಿಡದೆ ಬಂದದ್ದಕ್ಕೆ. ಮಳೆ ಬಿಟ್ಟು ಕೊಡದಿದ್ದರೆ ಬೋರ್ಡೋ ಮದ್ದು ಬಿಡಲಿಕ್ಕೆ ಆಗುವುದಿಲ್ಲ, ಕೊಳೆರೋಗ ಬಂದು ಅಡಿಕೆ ಬುಡಕ್ಕೆ ಉದುರ್ತದೆ. ಅಂದರೆ 'ಮಳೆ ಹೆಚ್ಚು = ಆದಾಯ ಹೆಚ್ಚು' ಅನ್ನುವ ಚಿಹ್ನೆ ನಮ್ಮಲ್ಲಿ ಉಲ್ಟಾ ಆಗಬಹುದು. ಬಳ್ಳಾರಿಗೆ ಸರಿಯಾದ ಪ್ಲಸ್ ನಮ್ಮೂರಲ್ಲಿ ಮೈನಸ್.

ಪ್ರಜಾಪ್ರಭುತ್ವದ ಲೆಕ್ಕದಲ್ಲೂ ಇಂಥದ್ದೇ ಸಮಸ್ಯೆ. ದೇಶಗಳಿಗೆ −10ರಿಂದ +10ರವರೆಗೆ ಅಂಕ ಕೊಡುವ 'ಪಾಲಿಟಿ' ಅನ್ನುವ ಸೂಚ್ಯಂಕ ಉಂಟು. 2001ರಲ್ಲಿ ಹೋವರ್ಡ್ ಹೆಗ್ರೆ ಮತ್ತು ಜೊತೆಯವರು, ಪೂರ್ತಿ ಸರ್ವಾಧಿಕಾರ ಮತ್ತು ಪೂರ್ತಿ ಪ್ರಜಾಪ್ರಭುತ್ವಕ್ಕಿಂತ ನಡುವೆ ಇರುವ ದೇಶಗಳಲ್ಲಿ ಅಂತರ್ಯುದ್ಧ ಹೆಚ್ಚು ಅಂತ ತೋರಿಸಿದರು. ಗ್ರಾಫ್ ತಲೆಕೆಳಗಾದ 'ಯು' ಆಕಾರ. ಆದರೆ 2008ರಲ್ಲಿ ಜೇಮ್ಸ್ ವ್ರೀಲ್ಯಾಂಡ್ ಅಂಕ ಕೊಡುವ ನಿಯಮಗಳನ್ನೇ ಓದಿ ನೋಡಿದರು. ಬಣ ರಾಜಕೀಯದ ಹಿಂಸೆ ಇದ್ದರೆ ಆ ದೇಶಕ್ಕೆ ನಡುವಿನ ಅಂಕ ಬೀಳುವ ಹಾಗೆ ಕೆಲವು ಘಟಕಗಳೇ ಇದ್ದವು. ಹಿಂಸೆಯನ್ನು ಎಡಗಡೆಯೂ ಬಲಗಡೆಯೂ ಇಟ್ಟು ಸಮೀಕರಣ ಬಿಡಿಸಿದ ಹಾಗೆ! ಆ ಘಟಕಗಳನ್ನು ತೆಗೆದಾಗ 'ಯು' ಆಕಾರ ಗಟ್ಟಿಯಾಗಿ ನಿಲ್ಲಲಿಲ್ಲ.

ಪ್ರಜಾಪ್ರಭುತ್ವ ಹರಡುವುದರಲ್ಲಿ ಇನ್ನೊಂದು ವಿಷಯ ಉಂಟು. ಅಕ್ಕಪಕ್ಕದ ದೇಶಗಳು ಪ್ರಜಾಪ್ರಭುತ್ವಗಳಾದರೆ ನಡುವಿನ ದೇಶವೂ ಆ ಕಡೆ ಹೋಗುವುದು ಹೆಚ್ಚು ಅಂತ ಕ್ರಿಸ್ಟಿಯನ್ ಗ್ಲೆಡಿಶ್ ಮತ್ತು ಮೈಕೆಲ್ ವಾರ್ಡ್ 2006ರಲ್ಲಿ ತೋರಿಸಿದರು. ಹಾಗಾದರೆ ದೇಶಗಳು ಒಂದಕ್ಕೊಂದು ಸ್ವತಂತ್ರವಾದ ಸ್ಯಾಂಪಲ್‌ಗಳಲ್ಲ. ನೆಟ್ಟಣದಲ್ಲಿ ಒಂದು ಮಳೆಮಾಪಕ, ಸುಬ್ರಹ್ಮಣ್ಯದಲ್ಲಿ ಒಂದು ಮಳೆಮಾಪಕ ಇಟ್ಟರೆ ನನ್ನ ಹತ್ತಿರ ಎರಡು ರೀಡಿಂಗ್ ಉಂಟು ನಿಜ. ಆದರೆ ಮೋಡ ಒಂದೇ. ಇದನ್ನು ಮರೆತು ಲೆಕ್ಕ ಹಾಕಿದರೆ ನಮ್ಮ ಖಾತ್ರಿ ಸುಳ್ಳು ಖಾತ್ರಿ ಆಗ್ತದೆ.

ಪ್ರಶ್ನೆ 4: ಉತ್ತರವನ್ನು ಯಾರ ಮೇಲೆ ಪ್ರಯೋಗಿಸುತ್ತಾರೆ?

ಇದು ಎಲ್ಲಕ್ಕಿಂತ ಮುಖ್ಯ. ಮೇಲಿನ ಎಲ್ಲ ಸಂಖ್ಯೆಗಳೂ ದೇಶಗಳ, ಜಿಲ್ಲೆಗಳ ಸರಾಸರಿ. ಅದನ್ನು ಒಬ್ಬ ಮನುಷ್ಯನ ಮೇಲೆ ಹಾಕಿದರೆ ಏನಾಗ್ತದೆ ನೋಡಿ.

ಒಂದು ಊಹೆಯ ಲೆಕ್ಕ. ಒಂದು ತಾಲೂಕಿನಲ್ಲಿ 1,00,000 ಜನ ಇದ್ದಾರೆ, ಅವರಲ್ಲಿ ನಿಜವಾಗಿ ನಕ್ಸಲರ ಜೊತೆ ಇರುವವರು 10 ಜನ ಅಂತ ಇಟ್ಟುಕೊಳ್ಳಿ. ಅವರನ್ನು ಗುರುತಿಸಲು ನಮ್ಮ ಹತ್ತಿರ 99% ಸರಿ ಹೇಳುವ ಒಂದು ಪರೀಕ್ಷೆ ಉಂಟು. ಆ 10 ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸಿಕ್ಕಿಬೀಳ್ತಾರೆ. ಉಳಿದ 99,990 ಜನರಲ್ಲಿ 1%, ಅಂದರೆ ಸುಮಾರು 1000 ಜನ ನಿರಪರಾಧಿಗಳೂ ಸಿಕ್ಕಿಬೀಳ್ತಾರೆ. 'ಸಂಶಯಾಸ್ಪದ' ಪಟ್ಟಿಯಲ್ಲಿ 1010 ಜನ, ಅದರಲ್ಲಿ ನಿಜವಾದವರು 10. ನೂರಕ್ಕೆ ಒಬ್ಬ ಕೂಡ ಇಲ್ಲ. ಇದು 99% ಸರಿ ಇರುವ ಪರೀಕ್ಷೆಯ ಕಥೆ. 'ಕಾಡಿನೊಳಗಿನ ಮನೆ, ಬಡವರು, ಮನೆಯಲ್ಲಿ ಇಂಥ ಪುಸ್ತಕ ಉಂಟು' ಅನ್ನುವ ಪರೀಕ್ಷೆ 99% ಹತ್ತಿರ ಕೂಡ ಬರಲಿಕ್ಕಿಲ್ಲ.

ಇದು ಪುಸ್ತಕದ ಲೆಕ್ಕ ಮಾತ್ರ ಅಲ್ಲ. 2012ರ ಮಾರ್ಚ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಕುತ್ಲೂರಿನಲ್ಲಿ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಮಲೆಕುಡಿಯ ಸಮುದಾಯದ ಒಬ್ಬ ವಿದ್ಯಾರ್ಥಿಯನ್ನು ಮತ್ತು ಅವರ ತಂದೆಯನ್ನು ನಕ್ಸಲ್ ಸಂಪರ್ಕದ ಆರೋಪದಲ್ಲಿ ಬಂಧಿಸಿದರು. ಸಾಕ್ಷ್ಯ ಅಂತ ತೋರಿಸಿದ್ದರಲ್ಲಿ ಭಗತ್ ಸಿಂಗ್ ಬಗ್ಗೆ ಒಂದು ಪುಸ್ತಕ, ಪತ್ರಿಕೆಯ ತುಣುಕುಗಳು ಇದ್ದವು. 2021ರ ಅಕ್ಟೋಬರಿನಲ್ಲಿ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು. ನಡುವೆ ಒಂಬತ್ತೂವರೆ ವರ್ಷ. ಬಂಧನವಾದಾಗ ಅವರೂ ನಮ್ಮ ಹಾಗೆ ಸೆಮಿಸ್ಟರ್ ಪರೀಕ್ಷೆ ಬರೆಯುವ ವಿದ್ಯಾರ್ಥಿ. ಫಾಲ್ಸ್ ಪಾಸಿಟಿವ್ ಅನ್ನುವ ಶಬ್ದವನ್ನು ನಾವು ಮಷೀನ್ ಲರ್ನಿಂಗ್ ಲ್ಯಾಬ್‌ನಲ್ಲಿ ಕನ್‌ಫ್ಯೂಷನ್ ಮ್ಯಾಟ್ರಿಕ್ಸ್‌ನ ಒಂದು ಚೌಕವಾಗಿ ನೋಡ್ತೇವೆ. ಆ ಚೌಕದ ಒಳಗೆ ಒಬ್ಬ ಮನುಷ್ಯನ ಇಪ್ಪತ್ತರಿಂದ ಮೂವತ್ತರ ವಯಸ್ಸು ಇರಬಹುದು.

ಇದನ್ನು ನಾವು ಯಾಕೆ ತಿಳಿದಿರಬೇಕು ಅಂದರೆ, ಇನ್ನು ನಾಲ್ಕೈದು ವರ್ಷದಲ್ಲಿ ಅಂಥ ಪಟ್ಟಿ ತಯಾರಿಸುವ ಸಾಫ್ಟ್‌ವೇರ್ ಬರೆಯುವವರು ನಮ್ಮಲ್ಲೇ ಯಾರಾದರೂ ಆಗಿರಬಹುದು. 'ಅಕ್ಯುರಸಿ ಎಷ್ಟು?' ಅಂತ ಕ್ಲೈಂಟ್ ಕೇಳ್ತಾರೆ. 'ಒಟ್ಟು ಜನರಲ್ಲಿ ನಿಜವಾದವರು ಎಷ್ಟು?' ಅಂತ ನಾವೇ ಕೇಳಿಕೊಳ್ಳಬೇಕು.

ಈ ಸಂಶೋಧನೆಗಳೆಲ್ಲ ಪ್ರಯೋಜನ ಇಲ್ಲ ಅಂತ ನಾನು ಹೇಳ್ತಾ ಇಲ್ಲ. ಯಾವ ಯೋಜನೆಯಿಂದ ಹಿಂಸೆ ಕಡಿಮೆಯಾಗ್ತದೆ, ವೈವಿಧ್ಯ ಅಪಾಯವಾ ಅಲ್ಲವಾ, ಇಂಥ ಪ್ರಶ್ನೆಗೆ ಬಾಯಿಮಾತಿಗಿಂತ ಎಣಿಕೆ ಒಳ್ಳೆಯದು. ಎಣಿಸಿದ್ದು ಏನು, ಹೋಲಿಸಿದ್ದು ಯಾವುದಕ್ಕೆ, ಕಾರಣದ ದಿಕ್ಕು ಯಾವುದು, ಪ್ರಯೋಗ ಯಾರ ಮೇಲೆ, ಈ ನಾಲ್ಕನ್ನು ಕೇಳಿ ಓದಿದರೆ ಸಾಕು.

ಮನೆಗೆಲಸ: ಫಿಯರನ್–ಲೈಟಿನ್ ಡೇಟಾ ಉಚಿತವಾಗಿ ಸಿಗ್ತದೆ. ಪೈಥಾನ್ ಅಥವಾ ಆರ್‌ನಲ್ಲಿ ಲಾಜಿಸ್ಟಿಕ್ ರಿಗ್ರೆಷನ್ ಹಾಕಿ. ಮೊದಲು ಬೆಟ್ಟದ ಕಾಲಂ ಇಟ್ಟು, ಆಮೇಲೆ ತೆಗೆದು ನೋಡಿ. ನಂತರ ಭಾರತದ ಸಾಲುಗಳನ್ನು ಮಾತ್ರ ತಗೊಂಡು ಬೆಟ್ಟದ ಕೋಎಫಿಶಿಯೆಂಟ್ ಕಂಡುಹಿಡಿಯಲು ಪ್ರಯತ್ನಿಸಿ. ಪ್ರೋಗ್ರಾಂ ಎರರ್ ಕೊಟ್ಟರೆ ಅಥವಾ ಆ ಕಾಲಂ ಅನ್ನೇ ಬಿಟ್ಟುಬಿಟ್ಟರೆ ಯಾಕೆ ಅಂತ ಯೋಚಿಸಿ. ಉತ್ತರ ಎರಡನೇ ಪ್ರಶ್ನೆಯಲ್ಲಿ ಉಂಟು.